ಬರಹವಷ್ಟೇ ಬೇಕೋ, ಟ್ಯಾಗ್ ಸಮೇತ ಬೇಕೋ?

ಪ್ರಶ್ನೆ: ಸರ್ವರ್‌ನಿಂದ ಬಂದ ಎಕ್ಸ್‌ಎಂಎಲ್ ನೋಡನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಸ್ಟ್ರಿಂಗ್‌ಗೆ ಸೇರಿಸಿದರೆ ‘ಆಬ್ಜೆಕ್ಟ್ ಎಲಿಮೆಂಟ್’ ಎಂದು ಬರುತ್ತದೆ. ನೋಡ್‌ವ್ಯಾಲ್ಯೂ ಕೇಳಿದರೆ ನಲ್. ಏನು ಮಾಡಲಿ ಸರ್?

ಉತ್ತರ: ಗಾಬರಿ ಬೇಡ, ನಿಮ್ಮ ಡೇಟಾ ಎಲ್ಲೂ ಹೋಗಿಲ್ಲ. ಎಲಿಮೆಂಟ್ ನೋಡ್‌ಗೆ ಸ್ವಂತ ವ್ಯಾಲ್ಯೂ ಇರುವುದಿಲ್ಲ. ಬರಹವಿರುವುದು ಅದರೊಳಗಿನ ಟೆಕ್ಸ್ಟ್ ನೋಡ್‌ನಲ್ಲಿ. ಹಾಗಾಗಿ ನಲ್ ಬರುವುದು ಸಹಜ.

ನಿಮಗೆ ಬೇಕಾದ್ದೇನು ಎಂದು ಮೊದಲು ನಿರ್ಧರಿಸಿ. ನೋಡ್ ಹೀಗಿದೆ ಎನ್ನೋಣ:

<ಪುಸ್ತಕ><ಹೆಸರು>ಚೋಮನ ದುಡಿ</ಹೆಸರು></ಪುಸ್ತಕ>

ಇದರ ಟೆಕ್ಸ್ಟ್‌ಕಂಟೆಂಟ್ ಕೇಳಿದರೆ ‘ಚೋಮನ ದುಡಿ’ ಮಾತ್ರ ಸಿಗುತ್ತದೆ. ಪರದೆಯ ಮೇಲೆ ತೋರಿಸಲು ಅಷ್ಟು ಸಾಕು. ಸರ್ವರ್‌ಗೆ ಮರಳಿ ಕಳಿಸಲು ಅಥವಾ ಫೈಲ್ ಆಗಿ ಉಳಿಸಲು ಟ್ಯಾಗ್‌ಗಳೂ ಬೇಕಲ್ಲವೇ? ಆಗ ಹೊಸ ಎಕ್ಸ್‌ಎಂಎಲ್‌ಸೀರಿಯಲೈಜರ್ ಆಬ್ಜೆಕ್ಟ್ ಮಾಡಿ, ಅದರ ಸೀರಿಯಲೈಜ್‌ಟುಸ್ಟ್ರಿಂಗ್ ಮೆಥಡ್‌ಗೆ ನೋಡನ್ನು ಕೊಡಿ. ಮೇಲಿನ ಸಾಲು ಹಾಗೆಯೇ ಸ್ಟ್ರಿಂಗ್ ಆಗಿ ಬರುತ್ತದೆ.

ಎರಡು ಎಚ್ಚರಿಕೆಗಳು. ಒಂದು, ಫಸ್ಟ್‌ಚೈಲ್ಡ್ ಹಿಡಿದು ಬರಹ ತೆಗೆಯಬೇಡಿ. ಎಕ್ಸ್‌ಎಂಎಲ್ ಅನ್ನು ಸಾಲು ಮುರಿದು ಬರೆದಿದ್ದರೆ ಮೊದಲ ಮಗುವಾಗಿ ಸಿಗುವುದು ಬರೀ ಖಾಲಿ ಜಾಗ. ಎರಡು, ಎಸ್‌ವಿಜಿಯಂಥ ನೇಮ್‌ಸ್ಪೇಸ್ ಇರುವ ಕಡತದಿಂದ ಒಳಗಿನ ನೋಡೊಂದನ್ನೇ ತೆಗೆದರೆ ಫಲಿತಾಂಶದಲ್ಲಿ ನೇಮ್‌ಸ್ಪೇಸ್ ಘೋಷಣೆ ತಾನಾಗಿ ಸೇರುತ್ತದೆ. ಅದನ್ನು ಅಳಿಸಬೇಡಿ, ಅಳಿಸಿದರೆ ಆ ತುಣುಕಿನ ಅರ್ಥವೇ ಬದಲಾಗುತ್ತದೆ.

ಟ್ಯಾಗ್‌ಗಳನ್ನು ಕೈಯಾರೆ ಜೋಡಿಸುವ ಅಭ್ಯಾಸ ಇದ್ದರೆ ಇಂದೇ ಬಿಡಿ. ಬರಹದಲ್ಲಿ ಒಂದು ಆ್ಯಂಪರ್ಸೆಂಡ್ ಇದ್ದರೂ ಕಡತ ಕೆಡುತ್ತದೆ. ಸೀರಿಯಲೈಜರ್ ಅದನ್ನು ತಾನೇ ಸರಿಪಡಿಸಿ ಬರೆಯುತ್ತದೆ.