ಪಾಠ: ನಮ್ಮ ಅನುಭವದ ಮಾತು, ಸಂಘಕ್ಕೆ ಬಲ

ಉದ್ದೇಶ: ಸ್ವಂತ ಅನುಭವ ಹೇಳಿ ಸದಸ್ಯರಲ್ಲಿ ಧೈರ್ಯ ತುಂಬಲು ಪ್ರತಿನಿಧಿಗಳು ಕಲಿಯುವುದು.
ಸಮಯ: ಒಂದು ಗಂಟೆ



ವಾರದ ಸಭೆಯಲ್ಲಿ ಪ್ರತಿನಿಧಿ "ಕಂತು ಸರಿಯಾಗಿ ಕಟ್ಟಿ, ಹೊರಗೆ ಸಾಲ ಮಾಡ್ಬೇಡಿ" ಅಂದರೆ ಎಲ್ಲರೂ ತಲೆಯಾಡಿಸುತ್ತೇವೆ. ಮನೆಗೆ ಹೋದ ಮೇಲೆ ಮರೆತುಬಿಡುತ್ತೇವೆ. ಅದೇ ಪ್ರತಿನಿಧಿ "ನಂಗೂ ಹೀಗೇ ಆಗಿತ್ತು" ಅಂತ ಶುರು ಮಾಡಿದರೆ ಎಲ್ಲರೂ ಸುಮ್ಮನೆ ಕೂತು ಕೇಳುತ್ತೇವೆ. ಬುದ್ಧಿವಾದ ಹೇಳುವವರು ನಮಗಿಂತ ಮೇಲಿದ್ದಂತೆ ಕಾಣುತ್ತಾರೆ. ಅನುಭವ ಹೇಳುವವರು ನಮ್ಮವರೇ ಅನಿಸುತ್ತದೆ.

ನಮ್ಮ ಜಿಲ್ಲೆಯ ಒಬ್ಬ ತಾಯಿ

ಘಟ್ಟದ ಕೆಳಗೆ, ಅಂಕೋಲಾ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರ ಹೆಸರು ನೀವು ಕೇಳಿರಬಹುದು. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಉಳಿಸಿದ್ದಕ್ಕೆ 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರ ಫೆಬ್ರವರಿ 13ರಂದು ತೀರಿಕೊಂಡರು. ಒಡಹುಟ್ಟಿದವನ ಮಗನನ್ನು ತಮ್ಮ ಮಗನಾಗಿ ಸಾಕಿದ್ದರು. ಆ ಮಗ ಕುಡಿತದಿಂದ ಸತ್ತ. ಅವರು ಆ ದುಃಖವನ್ನು ಮನೆಯೊಳಗೆ ಮುಚ್ಚಿಡಲಿಲ್ಲ. ಊರಿನ ಮದ್ಯ ಮಾರಾಟದ ವಿರುದ್ಧ ಚಳವಳಿಗೆ ಮುಂದಾಳಾದರು. ಮಗನನ್ನು ಕಳೆದುಕೊಂಡ ತಾಯಿ ಎದುರು ನಿಂತಾಗ "ನಿಂಗೇನು ಗೊತ್ತು" ಅನ್ನಲು ಯಾರಿಗೆ ಬಾಯಿ ಬರುತ್ತದೆ?

ಮೂರು ಹೆಜ್ಜೆ

ಮಾರ್ಷಲ್ ಗಾಂಝ್ ಎಂಬವರು ಅಮೆರಿಕದಲ್ಲಿ 1965ರಿಂದ 16 ವರ್ಷ ಹೊಲ-ತೋಟದ ಕೂಲಿಕಾರರ ಸಂಘಟನೆಯಲ್ಲಿ ದುಡಿದರು. ಮುಂದೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿ, ಅನುಭವ ಹೇಳುವುದನ್ನು ಮೂರು ಹೆಜ್ಜೆಯಲ್ಲಿ ಕಲಿಸಿದರು. ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮ್ಮ ಸಂಘಗಳಿಗೆ ಹೊಂದುವಂತೆ, ಫೈನಾನ್ಸ್ ಸಾಲದ ಉದಾಹರಣೆ ತೆಗೆದುಕೊಂಡು ಅದನ್ನು ನೋಡೋಣ.

1. ನನ್ನ ಕಥೆ: ನನಗೆ ಬಂದ ಕಷ್ಟ ಏನು? ಆಗ ನಾನೇನು ಮಾಡಿದೆ? "ಅಡಿಕೆ ಸುಲಿಯೋ ಕೆಲಸ ಮುಗಿದಿತ್ತು, ಕೂಲಿ ಇರಲಿಲ್ಲ. ಒಂದು ಸಾಲ ತೀರಿಸಲು ಇನ್ನೊಂದು ಮಾಡಿದೆ. ವಸೂಲಿಯವರು ಬಂದರೆ ಹಿತ್ತಲಿಗೆ ಹೋಗ್ತಿದ್ದೆ. ಕಡೆಗೆ ಸಂಘದಲ್ಲಿ ಬಾಯಿಬಿಟ್ಟು ಹೇಳಿದೆ."

2. ನಮ್ಮ ಕಥೆ: "ಹೀಗೆ ಹಿತ್ತಲಿಗೆ ಹೋದವಳು ನಾನೊಬ್ಬಳೇ ಅಲ್ಲ. ಸಂಘ ಮಾಡಿದ್ದೇ ಒಬ್ಬರಿಗೊಬ್ಬರು ಆಗಲಿ ಅಂತ."

3. ಈಗಿನ ಕಥೆ: "ಮುಂದಿನ ವಾರ ಎಲ್ಲರೂ ತಮ್ಮ ಸಾಲದ ಪಟ್ಟಿ ತನ್ನಿ. ಒಟ್ಟಿಗೆ ಕೂತು ಲೆಕ್ಕ ಮಾಡೋಣ."

ಮೂರನೆಯ ಹೆಜ್ಜೆ ಬಿಟ್ಟರೆ ಕಥೆ ಬರೀ ಗೋಳಾಗುತ್ತದೆ. ಸಾಲ ವಸೂಲಿಯ ಕಿರುಕುಳ ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ. ಆದರೆ ನಾಚಿಕೆಯಿಂದ ಬಾಯಿ ಬಿಡದವಳಿಗೆ ಯಾವ ಕಾನೂನೂ ಒದಗುವುದಿಲ್ಲ. ಆ ನಾಚಿಕೆ ಬಿಡಿಸಲು ಒಬ್ಬರು ಮೊದಲು ಮಾತಾಡಬೇಕು. ಅದು ಪ್ರತಿನಿಧಿಯ ಕೆಲಸ.

ಎಚ್ಚರಿಕೆಗಳು

• ಮೂರ್ನಾಲ್ಕು ನಿಮಿಷದಲ್ಲಿ ಮುಗಿಸಿ. ನಿಮ್ಮ ಸಾಹಸವನ್ನೇ ಹೊಗಳಿಕೊಳ್ಳದೆ, ಸಹಾಯ ಮಾಡಿದವರನ್ನೂ ನೆನೆಯಿರಿ.
• ನಿಮ್ಮ ಕಥೆಯನ್ನೇ ಹೇಳಿ. ಇನ್ನೊಬ್ಬರ ಮನೆಯ ವಿಷಯ ಅವರ ಒಪ್ಪಿಗೆಯಿಲ್ಲದೆ ಹೇಳಬಾರದು.
• ನೋವು ಇನ್ನೂ ಹಸಿಯಾಗಿದ್ದರೆ ಮೊದಲು ನಂಬಿಕೆಯ ಒಬ್ಬ ಸಹೋದರಿಗೆ ಹೇಳಿ.
• ಹೇಳಿದ್ದಕ್ಕೆ ಮನೆಯಲ್ಲಿ ಹೊಡೆತ ಬೀಳುವ ಭಯವಿದ್ದರೆ ಸಭೆಯಲ್ಲಿ ಹೇಳುವುದು ಬೇಡ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು.
• ಸದಸ್ಯೆ ಅತ್ತರೆ ಕೂಡಲೇ ಬುದ್ಧಿ ಹೇಳಬೇಡಿ. ಪಕ್ಕದಲ್ಲಿ ಕೂತು ಕೇಳಿ. ಆ ಮಾತು ಸಭೆಯಿಂದ ಹೊರಗೆ ಹೋಗಬಾರದು, ನಡಾವಳಿ ಪುಸ್ತಕದಲ್ಲೂ ಬರೆಯಬಾರದು. ತೆಗೆದುಕೊಂಡ ತೀರ್ಮಾನ ಮಾತ್ರ ಬರೆಯಿರಿ.

ಚಟುವಟಿಕೆ

ಇಬ್ಬಿಬ್ಬರಾಗಿ ಕೂತು, ಕಷ್ಟದಲ್ಲಿ ಧೈರ್ಯ ಮಾಡಿದ ಒಂದು ಸಂದರ್ಭವನ್ನು ಮೂರು ಹೆಜ್ಜೆಯಲ್ಲಿ ಹೇಳಿ. ಕೇಳುವವರು ನಡುವೆ ಮಾತಾಡಬಾರದು.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ಎಲ್ಲರಿಗೂ ಗೊತ್ತಿದ್ದೂ ಯಾರೂ ಮಾತಾಡದ ವಿಷಯ ಯಾವುದು?
2. ಯಾರ ಅನುಭವ ಕೇಳಿ ನಿಮಗೆ ಧೈರ್ಯ ಬಂದಿದೆ?
3. ಗ್ರಾಮಸಭೆಯಲ್ಲಿ ಹೇಳಬೇಕಾದ ನಮ್ಮ ಕಥೆ ಯಾವುದು? ಯಾರು ಹೇಳುತ್ತೀರಿ?

ಬೈಬಲಿನಲ್ಲಿ ಬರುವ ಸಮಾರಿಯದ ಹೆಂಗಸು ಕೊಡವನ್ನು ಬಾವಿಯ ಹತ್ತಿರವೇ ಬಿಟ್ಟು ಊರಿಗೆ ಹೋಗಿ ತನ್ನ ಅನುಭವ ಹೇಳಿದಳು. ಅವಳ ಮಾತು ಕೇಳಿ ಊರವರು ಎದ್ದು ಬಂದರು. ಅವಳಿಗೆ ಯಾವ ಹುದ್ದೆಯೂ ಇರಲಿಲ್ಲ. ನಮ್ಮ ಮಾತಿಗೂ ದೇವರು ಅಂಥ ಬಲ ಕೊಡಲಿ.