ಕಾಡುಗೊಲ್ಲರ ಹಟ್ಟಿ

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹಿಂದೆ ಬಿಟ್ಟು ಉತ್ತರಕ್ಕೆ ಹೊರಟರೆ ಮಿಡಿಗೇಶಿ, ಐ.ಡಿ.ಹಳ್ಳಿಗಳ ಕಡೆಗೆ ನೆಲದ ಬಣ್ಣವೂ ಬದುಕಿನ ಬಗೆಯೂ ಬದಲಾಗುತ್ತಾ ಹೋಗುತ್ತವೆ. ಬೋಳು ಗುಡ್ಡಗಳು, ನಡುನಡುವೆ ಕುರುಚಲು ಕಾಡು, ಮಳೆಗಾಗಿ ಕಾದಿರುವ ಹೊಲಗಳು. ಅತ್ತ ಸಿರಾ, ಇತ್ತ ಪಾವಗಡ, ತೆಂಕಣಕ್ಕೆ ಕೊರಟಗೆರೆ. ಈ ನಾಲ್ಕು ತಾಲ್ಲೂಕುಗಳ ಬಯಲಿನಲ್ಲಿ ಸಂಚರಿಸುವವರಿಗೆ ದಾರಿಯ ಬದಿಯ ಕಲ್ಲುಗಳಲ್ಲಿ ಒಂದು ಹೆಸರು ಮತ್ತೆ ಮತ್ತೆ ಕಾಣಸಿಗುತ್ತದೆ: ಗೊಲ್ಲರಹಟ್ಟಿ. ಮುಖ್ಯ ಊರಿಗೆ ಸೇರಿದ್ದರೂ ಊರಿನೊಳಗೆ ಸೇರದೆ, ಸ್ವಲ್ಪ ದೂರದಲ್ಲಿ ತನ್ನಷ್ಟಕ್ಕೆ ತಾನಿರುವ ಒಂದು ವಸತಿ ಅದು. ಅಲ್ಲಿ ವಾಸಿಸುವವರು ಕಾಡುಗೊಲ್ಲರು.

ಗೊಲ್ಲರೆಂಬ ಹೆಸರು ಕೇಳಿದೊಡನೆ ಎಲ್ಲರೂ ಒಂದೇ ಎಂದು ಭಾವಿಸುವುದು ವಾಡಿಕೆ. ಅದು ಸರಿಯಲ್ಲ. ಊರೊಳಗೆ ನೆಲಸಿದ ಊರುಗೊಲ್ಲರಲ್ಲಿ ಅನೇಕರ ಮನೆಮಾತು ತೆಲುಗು, ಕಾಡುಗೊಲ್ಲರದು ಕನ್ನಡ. ಇಬ್ಬರ ಆಚಾರಗಳೂ ಬೇರೆ. ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಕಾಡುಗೊಲ್ಲರ ಹಟ್ಟಿಗಳು ದಟ್ಟವಾಗಿವೆ. ಹಟ್ಟಿಗಳು ಎಷ್ಟೇ ದೂರದೂರಕ್ಕೆ ಚದುರಿದ್ದರೂ ಅವುಗಳನ್ನು ಕಾಣದ ನಂಟೊಂದು ಹೆಣೆದಿರುತ್ತದೆ. ಒಂದೇ ದೈವಕ್ಕೆ ನಡೆದುಕೊಳ್ಳುವ ಹಟ್ಟಿಗಳು ಸೇರಿ ಒಂದು ಗುಡಿಕಟ್ಟು. ಒಂದೇ ಮೂಲದಿಂದ ಬಂದವರೆನ್ನುವವರು ಸೇರಿ ಒಂದು ಬೆಡಗು. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರಲ್ಲಿ ಹೆಣ್ಣು ಕೊಟ್ಟು ತರುವಂತಿಲ್ಲ. ಹಟ್ಟಿಯ ವ್ಯಾಜ್ಯಗಳು ಹಿಂದೆ ಕೋರ್ಟು ಕಚೇರಿಗಳ ಮೆಟ್ಟಿಲು ಹತ್ತುತ್ತಿದ್ದುದು ಅಪರೂಪ. ಹಿರಿಯರು ಕಟ್ಟೆಮನೆಯಲ್ಲಿ ಕುಳಿತು ಹೇಳಿದ್ದೇ ತೀರ್ಮಾನ.

ಹಟ್ಟಿಯ ಹಳೆಯ ರೂಪವನ್ನು ಅರಿಯಬೇಕಾದರೆ ಮೊದಲು ಅದರ ಬೇಲಿಯನ್ನು ನೋಡಬೇಕು. ಜಾಲಿಯ ಕಳ್ಳೆಗಳನ್ನು ಒತ್ತಾಗಿ ಪೇರಿಸಿ ಇಡೀ ವಸತಿಯ ಸುತ್ತ ಬೇಲಿ ಕಟ್ಟುತ್ತಿದ್ದರು. ಒಳಗೆ ಗುಡಿಸಲುಗಳು, ದನದ ದೊಡ್ಡಿ, ಕುರಿ ಆಡುಗಳ ರೊಪ್ಪ, ದೇವರ ಗುಡಿ. ಸಂಜೆ ಮಂದೆ ಒಳಸೇರಿದ ಮೇಲೆ ಬಾಗಿಲಿಗೂ ಮುಳ್ಳನ್ನೆಳೆದರೆ ಬೆಳಗಿನವರೆಗೆ ಹಟ್ಟಿ ಒಂದು ಕೋಟೆ. ಪಾಳೆಯಗಾರರು ಮಧುಗಿರಿಯಲ್ಲಿಯೂ ಮಿಡಿಗೇಶಿಯಲ್ಲಿಯೂ ಕಲ್ಲಿನ ಕೋಟೆ ಕಟ್ಟಿದರು. ಗೊಲ್ಲರ ಕೋಟೆ ಮುಳ್ಳಿನದು. ಚಿರತೆಯೂ ತೋಳವೂ ತಿರುಗುವ ಸೀಮೆಯಲ್ಲಿ ದನವೇ ಸಂಪತ್ತಾಗಿದ್ದವರಿಗೆ ಅದಕ್ಕಿಂತ ಸುಲಭವಾದ, ಅಗ್ಗವಾದ ರಕ್ಷಣೆ ಬೇರೊಂದಿರಲಿಲ್ಲ.

ಟಿಪ್ಪುಸುಲ್ತಾನನ ಪತನಾನಂತರ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು ಸೀಮೆಯನ್ನು ಸಂಚರಿಸಿದನು. ಸಿರಾ, ಮಧುಗಿರಿಗಳ ಮೂಲಕ ಹಾದುಹೋದ ಅವನು ಬೆಳೆ, ಕಸುಬು, ಜನರ ನಡೆನುಡಿಗಳೆಲ್ಲವನ್ನೂ ವಿಚಾರಿಸಿ ಬರೆದಿಟ್ಟನು. ಅವನ ಬರಹದಲ್ಲಿ ಕಾಡುಗೊಲ್ಲರ ಉಲ್ಲೇಖವುಂಟು. ಕಾಡಿನಲ್ಲಿ ದನ ಸಾಕುತ್ತ, ಹುಲ್ಲು ನೀರುಗಳಿರುವಲ್ಲಿಗೆ ಮಂದೆಯನ್ನು ಹೊಡೆದೊಯ್ಯುತ್ತ ಬದುಕುವ ದನಗಾಹಿಗಳ ಚಿತ್ರವನ್ನು ಅಲ್ಲಿ ಕಾಣಬಹುದು. ಹೊರಗಿನವನೊಬ್ಬನು ಕೆಲವು ದಿನಗಳಲ್ಲಿ ಕೇಳಿ ಬರೆದ ಮಾತುಗಳವು. ಗೊಲ್ಲರು ತಮ್ಮನ್ನು ಕುರಿತು ತಾವೇ ಹೇಳಿಕೊಂಡದ್ದು ಅದಕ್ಕಿಂತ ಬಹಳ ಹೆಚ್ಚು. ಆದರೆ ಅದು ಕಾಗದದಲ್ಲಿರಲಿಲ್ಲ, ಶಾಸನದಲ್ಲಿಯೂ ಇರಲಿಲ್ಲ; ಗಣೆಯಲ್ಲಿತ್ತು.

ಗಣೆಯೆಂದರೆ ಉದ್ದನೆಯ ಬಿದಿರಿನ ಕೊಳಲು. ಸಾಮಾನ್ಯ ಕೊಳಲಿಗಿಂತ ಎಷ್ಟೋ ನೀಳವಾದುದರಿಂದ ಅದರ ದನಿ ಮಂದ್ರವಾದುದು, ತುಂಬಿದುದು. ಊದಲು ಎದೆಯಲ್ಲಿ ಬಲವಿರಬೇಕು. ಒಂದಿಷ್ಟು ಹೊತ್ತು ಗಣೆಯನ್ನು ನುಡಿಸಿ, ಅನಂತರ ಕಥೆಯ ಒಂದು ಭಾಗವನ್ನು ಹಾಡಿ, ಮತ್ತೆ ಗಣೆಯನ್ನೆತ್ತಿಕೊಳ್ಳುವುದು ಹಾಡುಗಾರರ ಕ್ರಮ. ಹೀಗೆ ಹಾಡುವ ಕಥೆ ಜುಂಜಪ್ಪನದು. ರಾತ್ರಿಯಿಡೀ ಹಾಡಿದರೂ ಮುಗಿಯದಷ್ಟು ದೀರ್ಘವಾದ ಕಾವ್ಯವದು.

ಜುಂಜಪ್ಪ ಕಾಡುಗೊಲ್ಲರ ವೀರ. ಬಳಿಕ ಅವರ ದೈವ. ತಂದೆ ಕೆಂಗುರಿ ಮಲ್ಲೇಗೌಡ, ತಾಯಿ ಚಿನ್ನಮ್ಮ. ಹುಲಿಯೊಡನೆ ಹೋರಾಡಿದವನೆಂದೋ ರಾಜ್ಯ ಗೆದ್ದವನೆಂದೋ ಮಾತ್ರ ಹೊಗಳಿದ್ದರೆ ಅವನ ಕಥೆ ಹತ್ತರೊಡನೆ ಹನ್ನೊಂದಾಗುತ್ತಿತ್ತು. ಅವನ ಹಿರಿಮೆಯಿರುವುದು ದನ ಕಾಯುವುದರಲ್ಲಿ. ಅವನು ಗಣೆಯೂದಿದರೆ ಮಂದೆ ಕಿವಿಯೆತ್ತಿ ಹತ್ತಿರ ಬರುತ್ತಿತ್ತು. ಬಡಮೈಲನೆಂಬ ಹೋರಿ ಅವನಿಗೆ ಒಡನಾಡಿಯಂತಿತ್ತು. ಮೇವಿಲ್ಲದ ಕಾಲದಲ್ಲಿ ಹುಲ್ಲುಗಾವಲನ್ನರಸಿ ಮಂದೆ ನಡೆಸುವುದು, ಗಡಿಗಾಗಿ ಜಗಳ, ನೀರಿಗಾಗಿ ಜಗಳ, ದಾಯಾದಿಗಳ ಮತ್ಸರ. ಹಟ್ಟಿಯವರು ದಿನವೂ ಅನುಭವಿಸುವ ಕಷ್ಟಗಳೇ ಕಾವ್ಯದಲ್ಲಿಯೂ ಬರುತ್ತವೆ. ಕೊನೆಗೆ ಅವನನ್ನು ಕೊಂದವರು ಹಗೆಗಳಲ್ಲ, ಸೋದರಮಾವಂದಿರು. ಅನ್ನದಲ್ಲಿ ವಿಷವಿಕ್ಕಿದರು. ವಿಷವೆಂದು ಅರಿತೂ ಅವನು ಉಂಡನೆಂದು ಹಾಡುವುದುಂಟು. ಬಂಧುವಿನ ಮನೆಯ ಅನ್ನವನ್ನು ತಳ್ಳಲಾರದೆ ಸತ್ತವನನ್ನು ದೇವರೆಂದು ಪೂಜಿಸುವ ಜನರ ಮನಸ್ಸು ಎಂತಹುದೆಂಬುದನ್ನು ಓದುಗರೇ ಯೋಚಿಸಬೇಕು. ಸಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿಯ ಜುಂಜಪ್ಪನ ಗುಡ್ಡೆ ಅವನ ಮುಖ್ಯ ನೆಲೆ. ದನಕರುಗಳಿಗೆ ರೋಗ ಬಂದರೆ, ಹಾವು ಚೇಳುಗಳ ಕಾಟವಾದರೆ, ಇತರ ಜಾತಿಯ ರೈತರೂ ಜುಂಜಪ್ಪನಿಗೆ ಹರಕೆ ಹೊರುತ್ತಾರೆ.

ಜುಂಜಪ್ಪನಲ್ಲದೆ ಎತ್ತಪ್ಪ, ಕ್ಯಾತಪ್ಪ ಮೊದಲಾದ ದೈವಗಳೂ ಇವರಿಗುಂಟು. ಚಳ್ಳಕೆರೆ ತಾಲ್ಲೂಕಿನಲ್ಲಿ ನಡೆಯುವ ಕ್ಯಾತಪ್ಪನ ಜಾತ್ರೆಯಲ್ಲಿ ದೇವರಿಗೆ ಬಾರೆ ಮರದ ಮುಳ್ಳುಕಳ್ಳೆಗಳಿಂದಲೇ ಗುಡಿ ಕಟ್ಟುತ್ತಾರೆ. ವ್ರತದಲ್ಲಿದ್ದ ಯುವಕರು ಬರಿಗಾಲಿನಲ್ಲಿ ಆ ಮುಳ್ಳಿನ ಮೇಲೇರಿ ತುದಿಯ ಕಳಶವನ್ನು ಇಳಿಸುತ್ತಾರೆ. ಹಟ್ಟಿಗೆ ಬೇಲಿಯಾದ ಮುಳ್ಳೇ ಇಲ್ಲಿ ದೇವರಿಗೆ ಗುಡಿಯಾಗಿದೆ.

ಇಂತಹ ನೆನಪುಗಳನ್ನು ಹೊತ್ತವರು ಗಂಡಸರು ಮಾತ್ರವಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಆದರೆ ಅವರ ಕಂಠದಲ್ಲಿ ಸಾವಿರಾರು ಪದಗಳಿದ್ದವು. ರಾಗಿ ಬೀಸುವಾಗ, ಮದುವೆಯ ಚಪ್ಪರದಡಿಯಲ್ಲಿ, ದೇವರ ಮುಂದೆ, ಹಿರಿಯರ ಬಾಯಿಂದ ಕೇಳಿದ್ದೆಲ್ಲವೂ ಅಲ್ಲಿ ಉಳಿದಿತ್ತು. ಕೃಷ್ಣಮೂರ್ತಿ ಹನೂರರು ಅವರ ಹಾಡುಗಳನ್ನು ಕೇಳಿ ಬರೆದುಕೊಂಡು ‘ಸಾವಿರದ ಸಿರಿ ಬೆಳಗು’ ಎಂಬ ಸಂಪುಟವಾಗಿ ಪ್ರಕಟಿಸಿದರು. ಕಾಡುಗೊಲ್ಲರ ಸಂಪ್ರದಾಯಗಳನ್ನು ಆಳವಾಗಿ ಅಭ್ಯಾಸ ಮಾಡಿದ ಇನ್ನೊಬ್ಬ ವಿದ್ವಾಂಸರು ತೀ.ನಂ. ಶಂಕರನಾರಾಯಣ. ಹೀಗೆ ಬರೆದಿಡುವ ಕೆಲಸ ವ್ಯರ್ಥವಾದುದೆಂದು ಯಾರಿಗಾದರೂ ತೋರಿದರೆ ಅವರು ದೂರದ ಒಂದು ಜನಾಂಗದ ಕಥೆಯನ್ನು ತಿಳಿಯಬೇಕು.

ಅಮೆರಿಕದ ಕ್ಯಾಲಿಫೋರ್ನಿಯದ ಕಡಲತೀರದಲ್ಲಿ ಚುಮಾಷ್ ಎಂಬ ಮೂಲನಿವಾಸಿಗಳಿದ್ದಾರೆ. ಹಲಗೆಗಳನ್ನು ದಾರದಿಂದ ಹೊಲಿದು, ಸಂದುಗಳಿಗೆ ಡಾಂಬರು ಮೆತ್ತಿ ತಯಾರಿಸಿದ ದೋಣಿಗಳಲ್ಲಿ ದ್ವೀಪದಿಂದ ದ್ವೀಪಕ್ಕೆ ಓಡಾಡುತ್ತಿದ್ದ ನಿಪುಣರು ಅವರು. 1772ರಿಂದ 1804ರವರೆಗೆ ಸ್ಪೇನಿನ ಪಾದ್ರಿಗಳು ಅವರ ನಾಡಿನಲ್ಲಿ ಐದು ಧರ್ಮಕೇಂದ್ರಗಳನ್ನು ಸ್ಥಾಪಿಸಿದರು. ಹಳೆಯ ಊರುಗಳು ಬರಿದಾದವು. ಹೊಸ ರೋಗಗಳಿಗೆ ಸಿಕ್ಕಿ ಬಹುಮಂದಿ ಮಡಿದರು. ಚುಮಾಷ್ ನುಡಿಯನ್ನು ತಾಯಿನುಡಿಯಾಗಿ ಬಲ್ಲ ಕೊನೆಯವರೆನಿಸಿದ ಮೇರಿ ಯೀ ಎಂಬ ಮಹಿಳೆ 1965ರಲ್ಲಿ ತೀರಿಕೊಂಡರು. ಜಾನ್ ಹ್ಯಾರಿಂಗ್ಟನ್ ಎಂಬ ಭಾಷಾವಿದ್ವಾಂಸನು ಮುದುಕರ ಬಳಿ ವರ್ಷಗಟ್ಟಲೆ ಕುಳಿತು ಬರೆದುಕೊಂಡ ಟಿಪ್ಪಣಿಗಳು ಮಾತ್ರ ಉಳಿದವು. ಆ ಟಿಪ್ಪಣಿಗಳನ್ನು ನೋಡಿಯೇ 1976ರಲ್ಲಿ ಅವರ ಹಳೆಯ ಮಾದರಿಯ ದೋಣಿಯೊಂದನ್ನು ಮತ್ತೆ ಕಟ್ಟಿ ಕಡಲಿಗಿಳಿಸಲಾಯಿತು. ಕಾಡುಗೊಲ್ಲರ ನುಡಿಗೆ ಅಂತಹ ಭಯವಿಲ್ಲ. ಅದು ಕೋಟ್ಯಂತರ ಜನರಾಡುವ ಕನ್ನಡ. ಆದರೆ ಆ ಕನ್ನಡದೊಳಗಿನ ದನಗಾಹಿಯ ಮಾತುಗಳಿಗೆ, ದನದ ಬಣ್ಣಕ್ಕೂ ಕೊಂಬಿಗೂ ನಡಿಗೆಗೂ ಇರುವ ಹೆಸರುಗಳಿಗೆ, ದನವೇ ಇಲ್ಲವಾದ ಮೇಲೆ ನೆಲೆಯೆಲ್ಲಿ?

ದನ ಕಡಮೆಯಾಗಿರುವುದಂತೂ ನಿಜ. ಕಾಡು ಕರಗಿತು, ಗೋಮಾಳಗಳು ಉಳುಮೆಗೂ ಕಟ್ಟಡಗಳಿಗೂ ಹೋದವು. ಹಟ್ಟಿಯವರು ಕುರಿ ಮೇಕೆಗಳ ಕಡೆಗೆ ತಿರುಗಿದರು. ಮಳೆ ನಂಬಿ ಕಡಲೆಕಾಯಿ, ರಾಗಿ ಬೆಳೆದರು. ಕೂಲಿಗೆಂದು ಬೆಂಗಳೂರಿಗೆ ಹೋದವರೂ ಬಹಳ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಸ್ಥಾವರ ತಲೆಯೆತ್ತಿದೆ. ಅದರ ಸಾಮರ್ಥ್ಯ 2,050 ಮೆಗಾವ್ಯಾಟ್. ನಾಡಿಗೆ ಬೆಳಕು ಬಂದುದು ಸಂತೋಷದ ಸಂಗತಿಯೇ. ಜಮೀನುಳ್ಳವರಿಗೆ ವರ್ಷವರ್ಷವೂ ಗುತ್ತಿಗೆಯ ಹಣ ಬರುತ್ತದೆ. ಆದರೆ ಬೆಳೆ ಕೊಯ್ದ ಮೇಲೆ ಆ ಹೊಲಗಳಲ್ಲಿ ಮಂದೆ ಮೇಯಿಸುತ್ತಿದ್ದವನಿಗೆ ಯಾವ ಪತ್ರದಲ್ಲಿಯೂ ಹಕ್ಕಿರಲಿಲ್ಲ. ತಂತಿಬೇಲಿ ಬಿದ್ದ ದಿನ ಅವನಿಗೆ ದೊರೆತ ಪರಿಹಾರವೂ ಇರಲಿಲ್ಲ.

ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಕಾಡುಗೊಲ್ಲರು ಹಲವು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಇಂತಹ ಬೇಡಿಕೆಗಳನ್ನು ಪರಿಶೀಲಿಸಲು 1965ರ ಲೋಕೂರ್ ಸಮಿತಿ ಕೆಲವು ಲಕ್ಷಣಗಳನ್ನು ಸೂಚಿಸಿತ್ತು. ವಿಶಿಷ್ಟ ಸಂಸ್ಕೃತಿ, ಊರಿನಿಂದ ದೂರವಿರುವ ವಸತಿ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ ಮುಂತಾದವು ಅವು. ಆದುದರಿಂದ ಒಂದು ವಿಚಿತ್ರ ಸನ್ನಿವೇಶ ಒದಗಿದೆ. ಹಟ್ಟಿ ಮುಂದುವರಿಯಲೆಂದು ಸವಲತ್ತು ಬೇಕು. ಸವಲತ್ತು ಸಿಗಬೇಕಾದರೆ ಹಟ್ಟಿ ಇದ್ದಂತೆಯೇ ಇದೆಯೆಂದು ತೋರಿಸಬೇಕು.

ಹಟ್ಟಿಯನ್ನು ಕುರಿತು ಬರೆಯುವವರು ಗಣೆಯ ಮಾಧುರ್ಯವನ್ನು ವರ್ಣಿಸಿ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಮುಳ್ಳಿನ ಬೇಲಿಯೊಳಗಿನ ನೆಲವೆಲ್ಲವೂ ದೇವರ ನೆಲವೆಂಬುದು ಕಾಡುಗೊಲ್ಲರ ನಂಬಿಕೆ. ಆದುದರಿಂದ ಮುಟ್ಟಾದ ಹೆಂಗಸರೂ ಬಾಣಂತಿಯರೂ ಸೂತಕ ಕಳೆಯುವವರೆಗೆ ಹಟ್ಟಿಯ ಹೊರಗಿರಬೇಕು. ಮರದ ಬುಡದಲ್ಲಿಯೋ ಬಯಲಿನಲ್ಲಿ ಹಾಕಿದ ಸೋಗೆಯ ಜೋಪಡಿಯಲ್ಲಿಯೋ ಅವರ ವಾಸ. ಇದು ನಿನ್ನೆ ಮೊನ್ನೆಯದಲ್ಲ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ಗ್ರಂಥದಲ್ಲಿಯೂ ಕಾಡುಗೊಲ್ಲರ ಈ ಪದ್ಧತಿಯನ್ನು ಹೇಳಿದೆ. ಚಿರತೆಯಿಂದ ಕರುವನ್ನು ಕಾಯಲು ಕಟ್ಟಿದ ಬೇಲಿ, ಹಡೆದ ತಾಯಿಯನ್ನೂ ಕೂಸನ್ನೂ ಅದೇ ಚಿರತೆ ತಿರುಗುವ ಕತ್ತಲೆಗೆ ಬಿಟ್ಟಿತು. ದೇವರಿಗೆ ಕೇಡಾಗುವುದೆಂಬ ಅಂಜಿಕೆ ಎಷ್ಟು ಆಳವಾದುದೆಂದರೆ, ಹೊರಗೆ ಮಲಗಿದ ಹೆಂಗಸರಲ್ಲಿಯೇ ಹಲವರು ಅದನ್ನು ಪ್ರಶ್ನಿಸುತ್ತಿರಲಿಲ್ಲ.

2017ರಲ್ಲಿ ಕರ್ನಾಟಕದ ವಿಧಾನಮಂಡಲವು ಅಮಾನವೀಯ ದುಷ್ಟ ಪದ್ಧತಿಗಳ ನಿರ್ಮೂಲನಕ್ಕಾಗಿ ಅಧಿನಿಯಮವೊಂದನ್ನು ಅಂಗೀಕರಿಸಿತು. ಅದು 2020ರಲ್ಲಿ ಜಾರಿಗೆ ಬಂದಿತು. ಮುಟ್ಟಾದವರನ್ನೂ ಬಸುರಿಯರನ್ನೂ ಬಲವಂತವಾಗಿ ಪ್ರತ್ಯೇಕವಾಗಿಡುವುದು ಅದರ ಪ್ರಕಾರ ಅಪರಾಧ. ಆದರೂ 2023ರ ಜುಲೈ ತಿಂಗಳ ಮಳೆಗಾಳಿಯಲ್ಲಿ, ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯ ಹೊರಗೆ, ಬಾಣಂತಿಯೊಡನೆ ಜೋಪಡಿಯಲ್ಲಿದ್ದ ಹಸುಗೂಸೊಂದು ಶೀತ ತಗುಲಿ ತೀರಿಕೊಂಡಿತು. ಆಸ್ಪತ್ರೆಯಲ್ಲಿ ಹುಟ್ಟಿದ್ದ ಕೂಸು ಅದು.

ಕೆಲವು ಹಟ್ಟಿಗಳಲ್ಲಿ ಸರ್ಕಾರವು ಇಂತಹ ಹೆಂಗಸರಿಗೆಂದು ಮಹಿಳಾ ಭವನಗಳನ್ನು ಕಟ್ಟಿಸಿತು. ಗಾಳಿ ಮಳೆಗಳಿಂದ ಅವರಿಗೆ ಅಷ್ಟುಮಟ್ಟಿಗೆ ಆಸರೆಯಾಯಿತು. ಜೋಪಡಿಯ ಬದಲು ಇಟ್ಟಿಗೆಯ ಗೋಡೆ ಎದ್ದರೆ ಪದ್ಧತಿಯೇ ಗಟ್ಟಿಯಾಗುವುದಲ್ಲವೇ ಎಂದು ಕೇಳಿದವರೂ ಉಂಟು. ಆ ಪ್ರಶ್ನೆ ನ್ಯಾಯವಾದುದು. ಅಧಿಕಾರಿಗಳು ಬಂದು ಗುಡಿಸಲು ಕಿತ್ತುಹಾಕಿದ ಮಾತ್ರಕ್ಕೆ ಅಂಜಿಕೆ ಹೋಗುವುದಿಲ್ಲವೆಂಬುದನ್ನೂ ಹಟ್ಟಿಗಳು ತೋರಿಸಿಕೊಟ್ಟಿವೆ. ಬದಲಾವಣೆ ಬಂದಿರುವಲ್ಲಿ ಅದು ಒಳಗಿನಿಂದಲೇ ಬಂದಿದೆ. ಶಾಲೆಗೆ ಹೋಗಿ ಓದಿ ಬಂದ ಹೆಣ್ಣುಮಕ್ಕಳು, ಹಟ್ಟಿಯವರೇ ಆದ ಆಶಾ ಕಾರ್ಯಕರ್ತೆಯರು, ಮೊಮ್ಮಗುವಿನ ಮುಖ ನೋಡಿ ಮನಸ್ಸು ಕರಗಿದ ಅಜ್ಜಿಯರು ಅದಕ್ಕೆ ಕಾರಣರಾಗಿದ್ದಾರೆ. ಅಂತಹ ಮನೆಗಳಲ್ಲಿ ಬಾಣಂತಿಯು ಆಸ್ಪತ್ರೆಯಿಂದ ಬಂದವಳು ಕೂಸನ್ನೆತ್ತಿಕೊಂಡು ನೇರವಾಗಿ ಒಳಗೆ ಬರುತ್ತಾಳೆ. ಅದೇ ಹಟ್ಟಿಯ ಗುಡಿಯ ಮುಂದೆ ಹಬ್ಬದ ರಾತ್ರಿ ಎಂದಿನಂತೆ ಜುಂಜಪ್ಪನ ಪದ ಕೇಳಿಸುತ್ತದೆ.