ಆರಿದ ಎಲ್‌ಇಡಿ ಬಲ್ಬು ಎಸೆಯುವ ಮುನ್ನ

ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ 25,000 ಗಂಟೆ ಬಾಳಿಕೆ ಎಂದು ಅಚ್ಚಾಗಿರುವುದನ್ನು ನೋಡಿರುತ್ತೀರಿ. ದಿನಕ್ಕೆ ಆರು ಗಂಟೆ ಉರಿಸಿದರೂ ಹನ್ನೊಂದು ವರ್ಷ ಬರಬೇಕು. ಆದರೂ ಎಷ್ಟೋ ಬಲ್ಬುಗಳು ಎರಡು ವರ್ಷ ತುಂಬುವುದರೊಳಗೆ ಆರಿಹೋಗುತ್ತವೆ. ಡಬ್ಬಿಯ ಮೇಲಿನ ಗಂಟೆ ಸಾಮಾನ್ಯವಾಗಿ ಎಲ್‌ಇಡಿಯ ಬೆಳಕು ಶೇ 70ಕ್ಕೆ ಇಳಿಯಲು ಹಿಡಿಯುವ ಅವಧಿಯ ಲೆಕ್ಕ. ಆ ಎಲ್‌ಇಡಿಗೆ ಕರೆಂಟ್ ಒದಗಿಸುವ ಪುಟ್ಟ ಸರ್ಕ್ಯೂಟು ಅಷ್ಟು ದಿನ ಬಾಳುತ್ತದೆಯೇ, ಬಲ್ಬಿನೊಳಗಿನ ಹಲವು ಎಲ್‌ಇಡಿಗಳಲ್ಲಿ ಒಂದು ನಡುವೆ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಆ ಲೆಕ್ಕ ಹೇಳುವುದಿಲ್ಲ.

ಎಲ್‌ಇಡಿ ಬಲ್ಬುಗಳನ್ನು ಕಡಿಮೆ ಬೆಲೆಗೆ ಒದಗಿಸಲು 2015ರಲ್ಲಿ ಶುರುವಾದ ಕೇಂದ್ರದ ಉಜಾಲಾ ಯೋಜನೆ, ನಮ್ಮ ರಾಜ್ಯದಲ್ಲಿ ಅದೇ ನಿಟ್ಟಿನಲ್ಲಿ ಬಂದ ‘ಹೊಸ ಬೆಳಕು’ ಇವುಗಳಿಂದಾಗಿ 9 ವ್ಯಾಟ್ ಬಲ್ಬು ಹಳ್ಳಿಹಳ್ಳಿಗೂ ತಲುಪಿತು. ಕೆಟ್ಟ ಬಲ್ಬುಗಳ ರಾಶಿಯೂ ಜೊತೆಗೇ ಬೆಳೆಯಿತು. ಆ ರಾಶಿಯಲ್ಲಿರುವ ಬಹುಪಾಲು ಬಲ್ಬುಗಳಲ್ಲಿ ಹಾಳಾಗಿರುವುದು ಒಂದೇ ಒಂದು ಬಿಡಿಭಾಗ. ಅದು ಯಾವುದೆಂದು ಕ್ರಮವಾಗಿ ಹುಡುಕುವುದನ್ನು ಕಲಿತರೆ ಬಲ್ಬಿನ ಬೆಲೆ ಉಳಿಯುವುದಷ್ಟೇ ಅಲ್ಲ, ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸ್, ಟಿವಿಯ ಪವರ್ ಸಪ್ಲೈ ಇವುಗಳ ಒಳಗಿನ ಕೆಲಸವೂ ಅರ್ಥವಾಗುತ್ತದೆ. ಎಲ್ಲದರಲ್ಲೂ ಮುಖ್ಯವಾಗಿ ಇರುವುದು ಇದೇ ಬಗೆಯ ಐದಾರು ಬಿಡಿಭಾಗಗಳು.

ಬಲ್ಬಿಗೆ ಇನ್ನೂ ವಾರಂಟಿ ಇದ್ದರೆ ಬಿಚ್ಚಲೇಬೇಡಿ. ಬಿಲ್ಲು ಹಿಡಿದು ಅಂಗಡಿಗೆ ಹೋಗಿ ಬದಲಿಸಿಕೊಳ್ಳಿ.

ಕೈ ಹಾಕುವ ಮೊದಲು

ಮೊಬೈಲ್ ಚಾರ್ಜರಿನಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಹೊರಬರುವ ತಂತಿಗೂ ಗೋಡೆಯ ಕರೆಂಟಿಗೂ ನೇರ ಸಂಪರ್ಕವಿರುವುದಿಲ್ಲ. ಬಲ್ಬಿನಲ್ಲಿ ಸಾಮಾನ್ಯವಾಗಿ ಆ ರಕ್ಷಣೆ ಇಲ್ಲ. ಕರೆಂಟ್ ಇದ್ದಾಗ ಎಲ್‌ಇಡಿ ಪ್ಲೇಟಿನ ಮೇಲಿನ ಯಾವ ಬಿಂದು ಮುಟ್ಟಿದರೂ ಶಾಕ್ ಹೊಡೆಯುತ್ತದೆ. ಮನೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೂ ಧೈರ್ಯ ಬೇಡ. ಮೈಮೂಲಕ ಕರೆಂಟ್ ನೆಲಕ್ಕೆ ಹರಿದರೆ ಮಾತ್ರ ಅದು ಟ್ರಿಪ್ ಆಗುತ್ತದೆ. ಒಂದು ಕೈ ಫೇಸ್, ಇನ್ನೊಂದು ಕೈ ನ್ಯೂಟ್ರಲ್ ಮುಟ್ಟಿದರೆ ಅದಕ್ಕೆ ಗೊತ್ತಾಗುವುದೇ ಇಲ್ಲ. ಆದ್ದರಿಂದ ಬಲ್ಬಿನ ಒಳಭಾಗ ಮುಟ್ಟುವ ಪರೀಕ್ಷೆಗಳನ್ನೆಲ್ಲ ಹೋಲ್ಡರಿನಿಂದ ಬಿಚ್ಚಿದ ಬಲ್ಬಿನ ಮೇಲೇ ಮಾಡಬೇಕು.

ಬಿಚ್ಚಿದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರಬಹುದು. ಅದನ್ನು ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಿ ಕಿಡಿ ಹಾರಿಸುವುದು ಹಲವರ ರೂಢಿ. ಹಾಗೆ ಮಾಡಿದರೆ ಬೋರ್ಡಿನ ತಾಮ್ರದ ಗೆರೆ ಕಿತ್ತುಬರುತ್ತದೆ, ಕಣ್ಣಿಗೂ ಅಪಾಯ. ಎರಡು ವ್ಯಾಟಿನ 10 ಕಿಲೋಓಮ್ ರೆಸಿಸ್ಟರ್ ತೆಗೆದುಕೊಂಡು, ಅದರ ಎರಡೂ ಕಾಲಿಗೆ ಇನ್ಸುಲೇಟೆಡ್ ತಂತಿ ಬೆಸೆದು, ಕೆಪಾಸಿಟರಿನ ಎರಡು ಕಾಲುಗಳ ನಡುವೆ ಒಂದೆರಡು ಸೆಕೆಂಡ್ ಹಿಡಿಯಿರಿ. ಆಮೇಲೆ ಮಲ್ಟಿಮೀಟರಿನಲ್ಲಿ ವೋಲ್ಟೇಜ್ ಸೊನ್ನೆಗೆ ಹತ್ತಿರವಿದೆ ಎಂದು ಖಾತ್ರಿ ಮಾಡಿಕೊಂಡೇ ಮುಂದುವರಿಯಿರಿ.

ಕರೆಂಟ್ ಹೋಗುವ ದಾರಿ

ಹೋಲ್ಡರಿಗೆ ಬರುವುದು 230 ವೋಲ್ಟಿನ ಎಸಿ. ಅದು ಮೊದಲು ಒಂದು ಫ್ಯೂಸಿಬಲ್ ರೆಸಿಸ್ಟರನ್ನು ದಾಟುತ್ತದೆ. ಹತ್ತು ಓಮ್ ಆಸುಪಾಸಿನ ಈ ರೆಸಿಸ್ಟರ್, ಮುಂದೆ ಎಲ್ಲಾದರೂ ಶಾರ್ಟ್ ಆದರೆ ತಾನು ಸುಟ್ಟು ದಾರಿ ಕಡಿಯುತ್ತದೆ. ನಂತರ ಬರುವುದು ಬ್ರಿಡ್ಜ್, ಅಂದರೆ ನಾಲ್ಕು ಡಯೋಡುಗಳು. ಬಿಡಿಬಿಡಿಯಾಗಿರಬಹುದು, ನಾಲ್ಕು ಕಾಲಿನ ಒಂದೇ ಕಪ್ಪು ತುಂಡಾಗಿಯೂ ಇರಬಹುದು. ಸೆಕೆಂಡಿಗೆ 50 ಆವರ್ತ ಹಿಂದೆ ಮುಂದೆ ಹರಿಯುವ ಕರೆಂಟನ್ನು ಇದು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಹೀಗೆ ಹೊರಬರುವ ಕರೆಂಟ್ ಸೆಕೆಂಡಿಗೆ 100 ಬಾರಿ ಏರಿಳಿಯುತ್ತಿರುತ್ತದೆ. ಆ ಏರಿಳಿತವನ್ನು ತಗ್ಗಿಸುವುದು 400 ವೋಲ್ಟಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. 230 ವೋಲ್ಟಿನ ಸಪ್ಲೈಗೆ 400 ವೋಲ್ಟ್ ಯಾಕೆ ಎಂದು ಕೇಳಬಹುದು. 230 ಎಂಬುದು ಸರಾಸರಿಯ ಬಗೆಯ ಲೆಕ್ಕ; ಅಲೆಯ ತುದಿ ಮುಟ್ಟುವುದು 325 ವೋಲ್ಟನ್ನು. ಕೆಪಾಸಿಟರ್ ತುಂಬಿಕೊಳ್ಳುವುದು ಆ ತುದಿಯ ಮಟ್ಟಕ್ಕೆ. ರಾತ್ರಿ ಹೊತ್ತು ಲೋಡ್ ಕಡಿಮೆಯಾಗಿ ವೋಲ್ಟೇಜ್ 260ಕ್ಕೆ ಏರುವ ಊರುಗಳಲ್ಲಿ ಇದು 365ರ ಸಮೀಪಕ್ಕೆ ಹೋಗುತ್ತದೆ. ಆದ್ದರಿಂದ ಬದಲಿ ಕೆಪಾಸಿಟರ್ ಹಾಕುವಾಗ 400ಕ್ಕಿಂತ ಕಡಿಮೆಯದು ಹಾಕಬಾರದು.

ಇಷ್ಟಾದ ಮೇಲೆ ಡ್ರೈವರ್ ಐಸಿಯ ಕೆಲಸ. ಅದರೊಳಗಿನ ಸ್ವಿಚ್ಚು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್ ಆಫ್ ಆಗುತ್ತದೆ. ಆನ್ ಇದ್ದಾಗ ಕಾಯಿಲಿನಲ್ಲಿ ಶಕ್ತಿ ತುಂಬುತ್ತದೆ, ಆಫ್ ಆದಾಗ ಆ ಶಕ್ತಿ ಒಂದು ವೇಗದ ಡಯೋಡಿನ ಮೂಲಕ ಎಲ್‌ಇಡಿಗಳಿಗೆ ಹರಿಯುತ್ತದೆ. ಪಕ್ಕದಲ್ಲೇ ಒಂದೆರಡು ಓಮಿನ ಪುಟ್ಟ ರೆಸಿಸ್ಟರ್ ಇರುತ್ತದೆ. ಅದರ ಮೇಲೆ ಬೀಳುವ ವೋಲ್ಟೇಜನ್ನು ಅಳೆದು, ಎಷ್ಟು ಆಂಪಿಯರ್ ಹರಿಯುತ್ತಿದೆ ಎಂದು ತಿಳಿದು, ಐಸಿ ತನ್ನ ವೇಗ ಸರಿಪಡಿಸಿಕೊಳ್ಳುತ್ತದೆ.

ಇಲ್ಲಿ ಗಮನಿಸಬೇಕಾದ್ದು, ಐಸಿ ಕಾಯುವುದು ಕರೆಂಟನ್ನು, ವೋಲ್ಟೇಜನ್ನಲ್ಲ. ಎಲ್‌ಇಡಿಗೆ ವೋಲ್ಟೇಜ್ ಚೂರು ಹೆಚ್ಚಾದರೂ ಹರಿಯುವ ಕರೆಂಟ್ ವಿಪರೀತ ಏರುತ್ತದೆ. ಬಿಸಿಯಾದಷ್ಟೂ ಅದಕ್ಕೆ ಬೇಕಾಗುವ ವೋಲ್ಟೇಜ್ ಇಳಿಯುವುದರಿಂದ ಕರೆಂಟ್ ಇನ್ನೂ ಏರಿ ಕೊನೆಗೆ ಸುಟ್ಟೇ ಹೋಗುತ್ತದೆ. ಅದಕ್ಕಾಗಿಯೇ ಕರೆಂಟಿಗೆ ಕಡಿವಾಣ. ಒಂದು ಮಾದರಿ ನೋಡೋಣ: ಆರು ವೋಲ್ಟಿನ 12 ಎಲ್‌ಇಡಿಗಳು ಸರಣಿಯಲ್ಲಿದ್ದರೆ 72 ವೋಲ್ಟ್, 120 ಮಿಲಿಆಂಪಿಯರ್ ಹರಿಸಿದರೆ ಎಂಟೂವರೆ ವ್ಯಾಟಿನಷ್ಟು. 9 ವ್ಯಾಟಿನ ಬಲ್ಬು ಅಂದರೆ ಹೆಚ್ಚುಕಡಿಮೆ ಇದೇ.

ಎಲ್‌ಇಡಿಗಳು ಸರಣಿಯಲ್ಲಿವೆ ಎಂಬುದರಲ್ಲೇ ಅರ್ಧ ರಿಪೇರಿ ಅಡಗಿದೆ. ಗಣೇಶನ ಹಬ್ಬದ ಹಳೆಯ ಸೀರಿಯಲ್ ಸೆಟ್ಟಿನಂತೆ, ಒಂದು ಕಡಿದರೆ ಎಲ್ಲವೂ ಆರುತ್ತವೆ.

ಬಿಚ್ಚದೆಯೇ ತಿಳಿಯುವುದು

ಬಲ್ಬು ಹೇಗೆ ಕೆಟ್ಟಿತು ಎಂಬುದು ಏನು ಕೆಟ್ಟಿದೆ ಎಂಬುದರ ಸುಳಿವು ಕೊಡುತ್ತದೆ. ಮೊದಲು ಸರಿಯಾಗಿರುವ ಬಲ್ಬನ್ನು ಅದೇ ಹೋಲ್ಡರಿಗೆ ಹಾಕಿ ನೋಡಿ. ಹೋಲ್ಡರಿನ ಸ್ಪ್ರಿಂಗ್ ಸುಟ್ಟಿರುವುದು ಅಪರೂಪವೇನಲ್ಲ.

ಹಾಕಿದ ಕೂಡಲೇ ಉರಿದು, ಐದು ನಿಮಿಷಕ್ಕೆ ಆರಿ, ತಣ್ಣಗಾದ ಮೇಲೆ ಮತ್ತೆ ಉರಿದರೆ ಬಹುಮಟ್ಟಿಗೆ ಒಂದು ಎಲ್‌ಇಡಿಯ ಒಳಗಿನ ಕೂದಲೆಳೆಯ ತಂತಿ ಸಡಿಲಾಗಿದೆ. ಬಿಸಿಗೆ ಹಿಗ್ಗಿ ಸಂಪರ್ಕ ತಪ್ಪುತ್ತದೆ. ಒಂದೇ ಲಯದಲ್ಲಿ ಮಿಣುಕ್ ಮಿಣುಕ್ ಎನ್ನುತ್ತಿದ್ದರೆ ಐಸಿ ಏನೋ ದೋಷ ಕಂಡು ನಿಲ್ಲಿಸಿ, ಮತ್ತೆ ಶುರು ಮಾಡಿ, ಮತ್ತೆ ನಿಲ್ಲಿಸುತ್ತಿದೆ ಎಂದರ್ಥ; ಇಲ್ಲಿಯೂ ಮೊದಲ ಅನುಮಾನ ಎಲ್‌ಇಡಿ ಸರಣಿಯ ಮೇಲೆ. ಬೆಳಕು ಮಂಕಾಗಿ, ಮೊಬೈಲ್ ಕ್ಯಾಮೆರಾದಲ್ಲಿ ನೋಡಿದಾಗ ದಟ್ಟವಾದ ಪಟ್ಟೆಗಳು ಸರಿದಾಡಿದರೆ ಕೆಪಾಸಿಟರ್ ಒಣಗಿರಬಹುದು. ‘ಟಪ್’ ಎಂದು ಸದ್ದಾಗಿ ಆರಿದ್ದರೆ ಬ್ರಿಡ್ಜ್ ಅಥವಾ ಐಸಿ ಶಾರ್ಟ್ ಆಗಿರುವ ಸಂಭವವೇ ಹೆಚ್ಚು.

ಸ್ವಿಚ್ ಆಫ್ ಮಾಡಿದರೂ ಬಲ್ಬು ಮಂದವಾಗಿ ಉರಿಯುತ್ತಿದ್ದರೆ ಅದು ಬಲ್ಬಿನ ದೋಷವಲ್ಲ. ಸ್ವಿಚ್ಚಿನಲ್ಲಿ ಇಂಡಿಕೇಟರ್ ದೀಪವಿದ್ದರೆ ಅದರ ಮೂಲಕ ಸಣ್ಣ ಕರೆಂಟ್ ಸೋರಿ ಹೀಗಾಗಬಹುದು. ಇಂಡಿಕೇಟರ್ ಇಲ್ಲದಿದ್ದರೆ, ವೈರಿಂಗಿನಲ್ಲಿ ಸ್ವಿಚ್ಚನ್ನು ಫೇಸಿಗೆ ಬದಲು ನ್ಯೂಟ್ರಲ್ಲಿಗೆ ಕೊಟ್ಟಿರುವ ಸಾಧ್ಯತೆ ಇದೆ. ಇದನ್ನು ಹಗುರವಾಗಿ ಕಾಣಬೇಡಿ. ಆಫ್ ಮಾಡಿದ ಹೋಲ್ಡರಿನಲ್ಲೂ ಫೇಸ್ ಜೀವಂತ ಇರುತ್ತದೆ; ಬಲ್ಬು ಬದಲಿಸಲು ಕೈ ಹಾಕಿದವರಿಗೆ ಶಾಕ್ ಹೊಡೆಯಬಹುದು. ಎಲೆಕ್ಟ್ರಿಷಿಯನ್ ಕರೆಸಿ ಸರಿಮಾಡಿಸಿ.

ಎಲ್‌ಇಡಿಗಳ ಪರೀಕ್ಷೆ

ಬಿಳಿ ಪ್ಲಾಸ್ಟಿಕ್ ಗುಮ್ಮಟವನ್ನು ಸಿಲಿಕಾನ್ ಅಂಟಿನಿಂದ ಕೂರಿಸಿರುತ್ತಾರೆ. ಅಂಚಿನಲ್ಲಿ ತೆಳ್ಳನೆಯ ಅಲಗು ತೂರಿಸಿ ಸುತ್ತಲೂ ಬಿಡಿಸಿ, ತಿರುಚಿದರೆ ಕಳಚಿಕೊಳ್ಳುತ್ತದೆ. ಒಳಗೆ ದುಂಡನೆಯ ಅಲ್ಯೂಮಿನಿಯಂ ಪ್ಲೇಟು, ಅದರ ಮೇಲೆ ಹಳದಿ ಚೌಕಗಳು. ಹಳದಿ ಕಾಣುವುದು ಫಾಸ್ಫರ್ ಲೇಪ. ಅದರಡಿಯ ಚಿಪ್ಪು ಕೊಡುವುದು ನೀಲಿ ಬೆಳಕನ್ನು. ಲೇಪ ಅದರಲ್ಲೊಂದು ಪಾಲನ್ನು ಹಳದಿಯಾಗಿಸುತ್ತದೆ, ಎರಡೂ ಬೆರೆತು ನಮಗೆ ಬಿಳಿ ಕಾಣುತ್ತದೆ. ಈ ನೀಲಿ ಎಲ್‌ಇಡಿಯನ್ನು ಸಾಧಿಸಿದ್ದಕ್ಕಾಗಿಯೇ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು.

ಯಾವುದಾದರೂ ಚೌಕದ ನಡುವೆ ಕಪ್ಪು ಚುಕ್ಕೆ ಇದೆಯೇ ನೋಡಿ. ಇದ್ದರೆ ಅಪರಾಧಿ ಸಿಕ್ಕಂತೆಯೇ. ಕಾಣದಿದ್ದರೆ 9 ವೋಲ್ಟಿನ ಚೌಕ ಬ್ಯಾಟರಿಗೆ 1 ಕಿಲೋಓಮ್ ರೆಸಿಸ್ಟರನ್ನು ಸರಣಿಯಲ್ಲಿ ಜೋಡಿಸಿ, ಎರಡು ತಂತಿಗಳಿಂದ ಒಂದೊಂದೇ ಎಲ್‌ಇಡಿಯ ಎರಡು ತುದಿ ಮುಟ್ಟಿ. ಉರಿಯದಿದ್ದರೆ ತಂತಿ ಅದಲುಬದಲು ಮಾಡಿ. ಮಲ್ಟಿಮೀಟರಿನ ಡಯೋಡ್ ಪರೀಕ್ಷೆ ಇಲ್ಲಿ ಅನೇಕ ವೇಳೆ ದಾರಿ ತಪ್ಪಿಸುತ್ತದೆ: ಒಂದೇ ಚೌಕದೊಳಗೆ ಎರಡು ಮೂರು ಚಿಪ್ಪು ಸರಣಿಯಲ್ಲಿದ್ದರೆ ಅದಕ್ಕೆ 6 ಅಥವಾ 9 ವೋಲ್ಟ್ ಬೇಕು, ಸಾಮಾನ್ಯ ಮೀಟರು ಕೊಡುವುದು ಮೂರರ ಆಸುಪಾಸು. ಎಲ್ಲವೂ ಚೆನ್ನಾಗಿದ್ದರೂ ಎಲ್ಲವೂ ಸತ್ತಂತೆ ತೋರುತ್ತದೆ. 9 ವೋಲ್ಟಿನ ಚೌಕಗಳಿಗೆ ಎರಡು ಬ್ಯಾಟರಿ ಸರಣಿಯಲ್ಲಿ ಹಾಕಿ, ರೆಸಿಸ್ಟರ್ ಅದೇ ಇರಲಿ.

ಸತ್ತ ಎಲ್‌ಇಡಿಯನ್ನು ಕೆರೆದು ತೆಗೆದು, ಅದರ ಎರಡು ಪ್ಯಾಡುಗಳನ್ನು ಸೀಸದಿಂದ ಬೆಸೆದುಬಿಡುವುದು ಬೀದಿಬದಿಯ ರಿಪೇರಿಯವರ ಉಪಾಯ. ಉಳಿದವುಗಳ ಮೇಲೆ ಭಾರ ಬೀಳುತ್ತದೆಂದು ಹಲವರು ಹೆದರುತ್ತಾರೆ. ಕಾಯಿಲ್ ಇರುವ ಡ್ರೈವರಿನಲ್ಲಿ ಹಾಗಾಗುವುದಿಲ್ಲ. 72 ವೋಲ್ಟ್ 66ಕ್ಕೆ ಇಳಿಯುತ್ತದೆ, ಕರೆಂಟ್ ಅಷ್ಟೇ ಇರುತ್ತದೆ, ಬೆಳಕು ಹನ್ನೆರಡರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಆದರೆ ಅಗ್ಗದ ಎಷ್ಟೋ ಬಲ್ಬುಗಳಲ್ಲಿ ಕಾಯಿಲ್ ಇರುವುದೇ ಇಲ್ಲ; ಐಸಿ, ಬ್ರಿಡ್ಜ್ ಎಲ್ಲವೂ ಎಲ್‌ಇಡಿ ಪ್ಲೇಟಿನ ಮೇಲೇ ಕೂತಿರುತ್ತವೆ. ಅಲ್ಲಿ ಹೆಚ್ಚುವರಿ ವೋಲ್ಟೇಜನ್ನು ಐಸಿ ಶಾಖವಾಗಿ ಸುಡುತ್ತದೆ. ಒಂದು ಎಲ್‌ಇಡಿ ಶಾರ್ಟ್ ಮಾಡಿದರೆ ಅದರ ಪಾಲಿನ ವೋಲ್ಟೇಜೂ ಐಸಿಯ ತಲೆಗೇ ಬರುತ್ತದೆ. ಅಂಥ ಪ್ಲೇಟಿನಲ್ಲಿ ಈ ಉಪಾಯ ಬೇಡವೇ ಬೇಡ. ಇನ್ನೊಂದು ಕೆಟ್ಟ ಬಲ್ಬಿನಿಂದ ಅದೇ ವೋಲ್ಟಿನ ಎಲ್‌ಇಡಿ ತೆಗೆದು ಹಾಕಿ.

ಅಲ್ಯೂಮಿನಿಯಂ ಪ್ಲೇಟು ಬಿಸಿಯನ್ನು ಹೀರಿಕೊಳ್ಳುವುದರಿಂದ 25 ವ್ಯಾಟಿನ ಸಾಲ್ಡರಿಂಗ್ ಐರನ್ ಸಾಲುವುದಿಲ್ಲ. ಪ್ಲೇಟನ್ನು ಅಡಿಯಿಂದ ಕಾಯಿಸಿ, ಸೀಸ ಹೊಳೆದು ಕರಗಿದ ಕ್ಷಣ ಚಿಮಟದಿಂದ ಎಲ್‌ಇಡಿ ಎತ್ತಬೇಕು. ಒಂದೇ ಪ್ಲೇಟಿನಲ್ಲಿ ಮೂರ್ನಾಲ್ಕು ಸತ್ತಿದ್ದರೆ ಉಳಿದವೂ ಅದೇ ಶಾಖ ಉಂಡಿವೆ. ಪ್ಲೇಟನ್ನೇ ಬದಲಿಸುವುದು ಜಾಣತನ.

ಡ್ರೈವರ್ ಬೋರ್ಡು

ಎಲ್‌ಇಡಿಗಳೆಲ್ಲ ಉರಿದರೆ ಡ್ರೈವರಿನತ್ತ ಬನ್ನಿ. ಕೆಪಾಸಿಟರ್ ಖಾಲಿಯಾಗಿದೆ ಎಂದು ಖಾತ್ರಿಯಾದ ಮೇಲೆ ಮೊದಲು ಫ್ಯೂಸಿಬಲ್ ರೆಸಿಸ್ಟರ್ ಅಳೆಯಿರಿ. ಹತ್ತಿಪ್ಪತ್ತು ಓಮ್ ತೋರಿದರೆ ಸರಿ. ಕಡಿದಿದ್ದರೆ ಕೂಡಲೇ ಹೊಸದು ಹಾಕಬೇಡಿ, ಅದು ಸುಟ್ಟಿದ್ದಕ್ಕೆ ಕಾರಣ ಮುಂದೆಲ್ಲೋ ಇದೆ. ಬ್ರಿಡ್ಜಿನ ಒಂದೊಂದು ಡಯೋಡನ್ನೂ ಡಯೋಡ್ ಮೋಡಿನಲ್ಲಿ ನೋಡಿ: ಒಂದು ಕಡೆಯಿಂದ 0.5ರಿಂದ 0.7, ಇನ್ನೊಂದು ಕಡೆಯಿಂದ ಏನೂ ಇರಬಾರದು. ಎರಡೂ ಕಡೆ ಸೊನ್ನೆಯಾದರೆ ಶಾರ್ಟ್. ಬಳಿಕ ಕೆಪಾಸಿಟರಿನ ಎರಡು ಕಾಲುಗಳ ನಡುವಿನ ಓಮ್ ಅಳೆಯಿರಿ. ಸಂಖ್ಯೆ ಸಣ್ಣದಾಗಿ ಶುರುವಾಗಿ ಏರುತ್ತಾ ಹೋದರೆ ಅದು ಚಾರ್ಜ್ ಆಗುತ್ತಿದೆ, ಒಳ್ಳೆಯ ಲಕ್ಷಣ. ಸೊನ್ನೆಯಲ್ಲೇ ನಿಂತರೆ ಐಸಿ, ಕೆಪಾಸಿಟರ್, ಬ್ರಿಡ್ಜ್ ಈ ಮೂರರಲ್ಲಿ ಒಂದು ಶಾರ್ಟ್ ಆಗಿದೆ.

ಕೆಪಾಸಿಟರ್ ಉಬ್ಬಿದ್ದರೆ, ಒದ್ದೆಯಾಗಿದ್ದರೆ ಅಷ್ಟೇ ಮೈಕ್ರೋಫ್ಯಾರಡಿನ, 400 ವೋಲ್ಟಿನ, 105 ಡಿಗ್ರಿ ಎಂದು ಬರೆದಿರುವುದನ್ನು ಹಾಕಿ. ಪಟ್ಟೆ ಇರುವ ಕಾಲು ಮೈನಸ್. ಐಸಿ ಹೋಗಿದ್ದರೆ ಐಸಿ ಬದಲಿಸುವ ಸಾಹಸಕ್ಕಿಂತ ಇಡೀ ಡ್ರೈವರ್ ಬೋರ್ಡ್ ಬದಲಿಸುವುದು ಅಗ್ಗ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದೆ, ಬೇರೆ ಊರುಗಳಲ್ಲಿ ಟಿವಿ ರಿಪೇರಿ ಅಂಗಡಿಯವರು ತರಿಸಿಕೊಡುತ್ತಾರೆ. ವ್ಯಾಟ್ ಮಾತ್ರ ನೋಡಿ ಕೊಳ್ಳಬೇಡಿ. ನಿಮ್ಮ ಪ್ಲೇಟಿನ ಒಟ್ಟು ವೋಲ್ಟೇಜು ಹೊಸ ಡ್ರೈವರಿನ ಔಟ್‌ಪುಟ್ ಮಿತಿಯೊಳಗೆ ಇರಬೇಕು, ಮಿಲಿಆಂಪಿಯರ್ ಹಳೆಯದಕ್ಕಿಂತ ಹೆಚ್ಚಿರಬಾರದು.

ಜೋಡಿಸುವಾಗ ಪ್ಲೇಟಿನ ಹಿಂಬದಿಗೆ ಹೀಟ್‌ಸಿಂಕ್ ಪೇಸ್ಟ್ ಹಚ್ಚಿ, ಅಂಚು ಲೋಹಕ್ಕೆ ಬಿಗಿಯಾಗಿ ಕೂರುವಂತೆ ಒತ್ತಿ, ಗುಮ್ಮಟ ಮುಚ್ಚಿ. ಮೊದಲ ಸಲ ನೇರ ಕರೆಂಟ್ ಕೊಡಬೇಡಿ. 60 ವ್ಯಾಟಿನ ಹಳೆಯ ಬುರುಡೆ ಬಲ್ಬನ್ನು ಸರಣಿಯಲ್ಲಿ ಹಾಕಿದ ಟೆಸ್ಟ್ ಬೋರ್ಡಿನಲ್ಲಿ ಹಚ್ಚಿ ನೋಡಿ. ಎಲ್‌ಇಡಿ ಉರಿದು ಬುರುಡೆ ಬಲ್ಬು ಆರಿಯೇ ಇದ್ದರೆ ಸರಿಯಾಗಿದೆ. ಬುರುಡೆ ಬಲ್ಬೇ ಜೋರಾಗಿ ಉರಿದರೆ ಒಳಗೆ ಶಾರ್ಟ್ ಉಳಿದಿದೆ.

ರಿಪೇರಿಯಾದ ಬಲ್ಬನ್ನು ಮುಚ್ಚಿದ ಗಾಜಿನ ಡೂಮಿನೊಳಗೆ ಹಾಕದೆ ಗಾಳಿಯಾಡುವ ಕಡೆ ಹಾಕಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಸ್ಸು ಹತ್ತು ಡಿಗ್ರಿ ಬಿಸಿ ಇಳಿದರೆ ಸುಮಾರು ಎರಡರಷ್ಟಾಗುತ್ತದೆ: 105 ಡಿಗ್ರಿಯಲ್ಲಿ 2,000 ಗಂಟೆ ಬರುವುದು 85ರಲ್ಲಿ 8,000, 75ರಲ್ಲಿ 16,000 ಗಂಟೆ ಬರುತ್ತದೆ. ಇನ್ನು ಸರಿಹೋಗದ ಬಲ್ಬಿದ್ದರೆ ಅದರ ಕಾಯಿಲ್, ಬ್ರಿಡ್ಜ್, ಚೆನ್ನಾಗಿರುವ ಎಲ್‌ಇಡಿಗಳನ್ನು ಬಿಚ್ಚಿ, ವೋಲ್ಟ್ ಬರೆದ ಚೀಟಿಯೊಂದಿಗೆ ಡಬ್ಬಿಯಲ್ಲಿಟ್ಟುಕೊಳ್ಳಿ. ಮುಂದಿನ ಬಲ್ಬಿಗೆ ಬೇಕಾಗುತ್ತವೆ.